ಧೂಳು ಬೇಕೆಂದು ಬಂದವರು

ಐತಪ್ಪನವರು ಮೊದಲ ಸಲ ಬಂದ ದಿನ ಸರಸಮ್ಮ ಹೋಟೆಲಿನ ಅಡುಗೆಮನೆಯನ್ನು ತೊಳೆದು, ಒರೆಸಿ, ಹೊಸಿಲಿಗೆ ರಂಗೋಲಿ ಎಳೆದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು.

ಹೋಟೆಲು ಮುಚ್ಚಿ ವರ್ಷಗಳಾಗಿದ್ದವು. ಚೆನ್ನೈಯ ರಾಯಪುರಂನಲ್ಲಿ ಬಂದರಿನ ಗೋಡೆಗೆ ತಾಗಿದಂತಿರುವ ಬೀದಿ ಅದು. ಒಂದು ಕಾಲಕ್ಕೆ ಹಡಗಿನ ಮೂಟೆ ಇಳಿಸುವವರೆಲ್ಲ ಬೆಳಿಗ್ಗೆ ಅಲ್ಲಿಗೇ ಇಡ್ಲಿಗೆ ಬರುತ್ತಿದ್ದರು. ಸರಸಮ್ಮನ ಗಂಡ ವಿಷ್ಣುಮೂರ್ತಿ ಅಲ್ಲಿ ಅಡುಗೆಗೆ ದೊಡ್ಡವರು. ಧಣಿಗಳು ತೀರಿಕೊಂಡರು, ಮಕ್ಕಳು ಜಗಳವಾಡಿದರು, ಒಂದು ದಿನ ಮಧ್ಯಾಹ್ನದ ಊಟದ ನಡುವೆಯೇ ಶಟರ್ ಎಳೆದುಬಿಟ್ಟರು. ಬಡಿಸಿದ ಎಲೆ ಹಾಗೇ, ಕುಡಿದಿಟ್ಟ ಲೋಟ ಹಾಗೇ, ಒಲೆಯ ಬೂದಿ ಹಾಗೇ. ಒಲೆ ಸಾರಿಸಿ ಕುಂಕುಮ ಇಡದೆ ವಿಷ್ಣುಮೂರ್ತಿಯವರು ಒಂದು ರಾತ್ರಿಯೂ ಅಡುಗೆಮನೆಯ ಬಾಗಿಲು ಹಾಕಿದವರಲ್ಲ. ಆ ಒಂದು ದಿನ ಆಗಲಿಲ್ಲ. ಅದೇ ಕೊರಗಿನಲ್ಲಿ ಆ ವರ್ಷವೇ ಹೋದರು. ಹಿಂದಿನ ಕೋಣೆಯನ್ನು ಸರಸಮ್ಮನಿಗೆ ಇರಲು ಬಿಟ್ಟಿದ್ದರು, ಬೀಗದ ಕೈಯೂ ಅವರ ಹತ್ತಿರವೇ ಇತ್ತು. ಬಾಗಿಲು ತೆಗೆಯುವ ಧೈರ್ಯ ಮಾತ್ರ ಅವರಿಗೆ ಬಂದಿರಲಿಲ್ಲ.

ಹಿಂದಿನ ದಿನ ಧಣಿಗಳ ಇನ್ನೊಂದು ಹೋಟೆಲಿನ ಮ್ಯಾನೇಜರ್ ಉಪೇಂದ್ರ ಫೋನ್ ಮಾಡಿದ್ದ. "ಸರಸಕ್ಕಾ, ನಾಳೆ ಒಬ್ರು ಬರ್ತಾರೆ, ನಮ್ಮ ಕಡೆಯವರೇ. ಅಡುಗೆಮನೆ ಫೋಟೊ ತೆಗೀಬೇಕಂತೆ. ಬಾಗಿಲು ತೆಗೆದು ಕೊಡಿ ಆಯ್ತಾ."

ಫೋಟೊ ತೆಗೆಯಲು ಬರುತ್ತಾರೆ ಎಂದರೆ ಹೆಂಗಸು ಏನು ಮಾಡುತ್ತಾಳೆ? ಸರಸಮ್ಮ ಹಿಡಿಸೂಡಿ ಹಿಡಿದು ಒಳಗೆ ಹೋದರು. ಮಾಡಿನಿಂದ ನೆಲದವರೆಗೆ ಇಳಿದಿದ್ದ ಜೇಡನ ಬಲೆ ತೆಗೆದರು. ಒಣಗಿ ಪುಡಿಯಾಗಿದ್ದ ಎಲೆ ಗುಡಿಸಿದರು. ಲೋಟಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಕವುಚಿಟ್ಟರು. ಒಲೆ ಸಾರಿಸಿ ಕುಂಕುಮ ಇಟ್ಟಾಗ ಗಂಡನ ಒಂದು ಕೆಲಸ ಮುಗಿಸಿಕೊಟ್ಟಂತಾಗಿ ಅಲ್ಲೇ ಕುಳಿತು ಸ್ವಲ್ಪ ಅತ್ತರು.

ಬಂದವರು ತೆಳ್ಳಗಿನ ಮನುಷ್ಯ. ಬಿಳಿ ಗಡ್ಡ, ಹೆಗಲಲ್ಲಿ ಚೀಲ, ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು. ಹೊಸಿಲಿನ ರಂಗೋಲಿ ನೋಡಿಯೇ ನಿಂತುಬಿಟ್ಟರು. ಆಮೇಲೆ ಕತ್ತು ಚಾಚಿ ಒಳಗೆ ನೋಡಿದರು.

"ಗುಡಿಸಿದ್ರಾ?"

"ಗುಡಿಸದೆ ಮತ್ತೆ? ತೊಳೆದೂ ಆಯ್ತು. ನೋಡಿ, ನೆಲದಲ್ಲಿ ಮುಖ ಕಾಣ್ತದೆ."

ಅವರು ಮೆಟ್ಟಿಲ ಮೇಲೆ ಕುಸಿದು ಕುಳಿತರು. "ಎಂತ ಮಾಡಿಬಿಟ್ರಿ ಅಮ್ಮಾ! ಆ ಹಿಂದಿನ ಓಣಿಯ ಒಡೆದ ಕಿಟಕಿಯಿಂದ ಎಷ್ಟು ದಿನದಿಂದ ನೋಡ್ತಾ ಇದ್ದೆ. ಪೊಂಗಲ್ ಕಳೆದ ಮೇಲೆ ನಾಲ್ಕು ದಿನ ಮಾತ್ರ ಆ ಹೊಗೆಕಿಂಡಿಯಿಂದ ಬಿಸಿಲು ಕೆಳಗಿನವರೆಗೆ ಇಳಿಯುದು. ಬಲೆಯ ಮೇಲೆ, ಎಲೆಯ ಮೇಲೆ, ಆ ಲೋಟದ ಮೇಲೆ..."

"ಧೂಳಿನ ಫೋಟೊ ತೆಗೀಲಿಕ್ಕಾ ನೀವು ಬಂದದ್ದು?"

"ಹೌದು."

"ಮೊದಲೇ ಹೇಳಬಾರದಾ ಮಾರಾಯ್ರೆ? ಗುಡಿಸಿದ್ದು ಇನ್ನೂ ಬಕೆಟಿನಲ್ಲಿ ಉಂಟು. ತಂದು ಚೆಲ್ಲಲಾ?"

ಸರಸಮ್ಮ ತಮಾಷೆಗೆ ಹೇಳಿದ್ದಲ್ಲ. ತಿರುಗಿ ಬಕೆಟಿನ ಕಡೆ ಹೊರಟೂ ಆಗಿತ್ತು. ಐತಪ್ಪನವರಿಗೆ ನಗು ಬಂತು, ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅವತ್ತು ಅವರು ಒಂದೂ ಫೋಟೊ ತೆಗೆಯಲಿಲ್ಲ. ಕಾಫಿ ಕುಡಿದು ಹೋದರು. ಹೋಗುವಾಗ, "ಇನ್ನು ಆ ಬಿಸಿಲು ಬರುವುದು ಬರುವ ವರ್ಷ," ಎಂದರು. ತಾನು ಯಾರದೋ ಮನೆಯ ದೀಪ ಆರಿಸಿದೆನೋ ಎನ್ನಿಸಿತು ಸರಸಮ್ಮನಿಗೆ. "ಬರುವ ವರ್ಷದವರೆಗೆ ನಾನು ಹಿಡಿಸೂಡಿ ಮುಟ್ಟುದಿಲ್ಲ, ಆಯ್ತಾ?" ಎಂದುಬಿಟ್ಟರು.

ಆಮೇಲೆ ಅವರು ಆಗಾಗ ಬರತೊಡಗಿದರು. ಇದ್ದದ್ದು ಎರಡು ಓಣಿ ಆಚೆ, ಮೀನಿನ ಬಂದರಿನ ಕಡೆ, ಮಹಡಿಯ ಒಂದು ಕೋಣೆಯಲ್ಲಿ ಒಬ್ಬರೇ. ಬಂದವರು ಬಾಗಿಲಲ್ಲೇ ಕೇಳುತ್ತಿದ್ದರು, "ಧೂಳು ಕೂತಿತಾ ಸರಸಕ್ಕಾ?"

"ಕೂತ್ಕೊಳ್ತಾ ಉಂಟು. ಅದಕ್ಕೂ ಕಾಫಿ ಕೊಡ್ಬೇಕಾ?"

ಕಾಫಿ ಕುಡಿಯುತ್ತ ಕುಡಿಯುತ್ತ ಅವರ ಬದುಕು ತುಂಡುತುಂಡಾಗಿ ಹೊರಗೆ ಬಂತು. ಮೂಲ್ಕಿಯ ಕಡೆಯವರು. ಮದರಾಸಿಗೆ ಬಂದದ್ದು ಹೋಟೆಲಿನಲ್ಲಿ ಮೇಜು ಒರೆಸಲು. ಕೋಡಂಬಾಕ್ಕಂನ ಸ್ಟುಡಿಯೊಗಳಿಗೆ ತಿಂಡಿಯ ಕ್ಯಾರಿಯರ್ ಹೊತ್ತು ಹೋಗುತ್ತ, ಸ್ಟಿಲ್ ಫೋಟೊ ತೆಗೆಯುವವರ ಬೆನ್ನ ಹಿಂದೆ ನಿಂತು ಕೆಲಸ ಕಲಿತರು. ಆಗ ಕನ್ನಡ ಸಿನಿಮಾಗಳೂ ಅಲ್ಲೇ ತಯಾರಾಗುತ್ತಿದ್ದವು. ಶಾಟ್ ಮುಗಿದ ಕೂಡಲೇ ಸ್ಟಿಲ್ ಎಂದು ಕೂಗಬೇಕು. ಕೂಗಿದರೆ ದೊಡ್ಡ ನಟರಿಂದ ಲೈಟ್ ಹಿಡಿಯುವವರ ತನಕ ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಫೋಟೊ ಆಗುವವರೆಗೆ ಯಾರೂ ಅಲುಗಾಡುವಂತಿಲ್ಲ.

"ಆ ಒಂದು ಗಳಿಗೆ ಇಡೀ ಫ್ಲೋರು ನನ್ನ ಮಾತು ಕೇಳ್ತಿತ್ತು ಸರಸಕ್ಕಾ. ನಾನು ನಿಲ್ಲಿ ಅಂದ್ರೆ ನಿಲ್ತಿದ್ರು."

ಮುಂದೆ ಸಿನಿಮಾಗಳು ಊರು ಬಿಟ್ಟವು. ಸ್ಟಿಲ್ ತೆಗೆಯುವವರನ್ನು ಕೇಳುವವರಿಲ್ಲದಾದರು. ಮದುವೆ, ಸೀಮಂತ, ಪಾಸ್‌ಪೋರ್ಟ್ ಫೋಟೊ ಎಂದು ದಿನ ಹೋಯಿತು. ಒಮ್ಮೆ ತಾನು ಕೆಲಸ ಮಾಡಿದ ಸ್ಟುಡಿಯೊ ಕೆಡವುತ್ತಾರೆ ಎಂದು ಕೇಳಿ ನೋಡಲು ಹೋದರು. ಫ್ಲೋರಿನ ನಡುವೆ ಹುಲ್ಲು ಬೆಳೆದಿತ್ತು. ಗೋಡೆಗೆ ಒರಗಿಸಿಟ್ಟ ಪರದೆಯ ಬಣ್ಣದ ಆಕಾಶ ಮಳೆಗೆ ಇಳಿದು ನೆಲಕ್ಕೆ ಅಂಟಿತ್ತು. ಅದರ ಫೋಟೊ ತೆಗೆದರು. ಅಲ್ಲಿಂದ ಹಿಡಿದ ಹುಚ್ಚು. ಮುರಿದ ದೋಣಿ, ಮುಚ್ಚಿದ ಗೋದಾಮು, ರೈಲು ನಿಲ್ಲದ ಸ್ಟೇಷನ್ನು, ಮೋಡ ಕವಿದ ಉಪ್ಪಿನ ಗದ್ದೆ. ಮನುಷ್ಯರು ಬಿಟ್ಟುಹೋದ ಜಾಗ ಎಲ್ಲಿದ್ದರೂ ಹೋಗಿ ಬೆಳಕಿಗೆ ಕಾದು ಕೂರುವರು.

ಹೆಂಡತಿ ಅಕ್ಕು ತೀರಿಕೊಂಡಿದ್ದಾಳೆ ಎಂದರು. ವೇಲಚೇರಿಯಲ್ಲಿ ಮಗಳಿದ್ದಾಳೆ, ವೀಕ್ಷಾ ಎಂದು ಹೆಸರು, ಮಾತಿಲ್ಲ ಎಂದರು. ಯಾಕೆ ಎಂದು ಸರಸಮ್ಮ ಕೇಳಲಿಲ್ಲ.

ಒಮ್ಮೆ ಐತಪ್ಪನವರಿಗೆ ಜ್ವರ ಬಂದಾಗ ಸರಸಮ್ಮ ಸಾರು ಹಿಡಿದುಕೊಂಡು ಅವರ ಕೋಣೆಗೆ ಹೋಗಿದ್ದರು. ಕಾಲಿಟ್ಟಲ್ಲೆಲ್ಲ ಹೆಜ್ಜೆ ಮೂಡುವಷ್ಟು ಧೂಳು. ಕೈ ತಾನಾಗಿಯೇ ಮೂಲೆಯ ಹಿಡಿಸೂಡಿಗೆ ಹೋಯಿತು. ಐತಪ್ಪನವರು ಮಂಚದಿಂದಲೇ, "ಬೇಡ ಸರಸಕ್ಕಾ. ಅದನ್ನು ಮಾತ್ರ ಬೇಡ," ಎಂದರು. ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ಸರಸಮ್ಮ ಸಾರಿನ ಪಾತ್ರೆ ಇಟ್ಟು ಬಂದುಬಿಟ್ಟರು.

ಪೊಂಗಲ್ ಮತ್ತೆ ಬಂತು. ಅಡುಗೆಮನೆಯಲ್ಲಿ ಅಷ್ಟಿಷ್ಟು ಧೂಳು ಕೂತಿತ್ತು, ಮೂಲೆಯಲ್ಲಿ ಎರಡು ಬಲೆ ಕಟ್ಟಿತ್ತು. ಸರಸಮ್ಮ ಹಲ್ಲು ಕಚ್ಚಿ ವರ್ಷವಿಡೀ ಬೀಗ ಹಾಕಿಟ್ಟಿದ್ದರು. ಐತಪ್ಪನವರು ಸ್ಟ್ಯಾಂಡು ಊರಿ ಕಣ್ಣು ಹಚ್ಚಿ ಕುಳಿತರು. ಮೋಡವಿತ್ತು. ಕಾದು ಕಾದು ಸರಸಮ್ಮನ ಮಂಡಿ ನೋಯತೊಡಗಿತು. ಇವರು ಮುಗಿಸಿದ ಕೂಡಲೇ ಗುಡಿಸಬೇಕು ಎಂದು ಹಿಡಿಸೂಡಿಯನ್ನು ಬೆನ್ನ ಹಿಂದೆ ಹಿಡಿದೇ ನಿಂತಿದ್ದರು.

"ಸ್ವಲ್ಪ ನಿಲ್ಲಿ ಸರಸಕ್ಕಾ, ಬೆಳಕು ಬರಲಿ."

ಬೆಳಕು ಬಂತು. ಕಿಂಡಿಯಿಂದ ಇಳಿದು ಒಲೆಯ ಮೇಲೆ ಬಿತ್ತು. ಐತಪ್ಪನವರ ಮುಖದಲ್ಲಿ ಅಂಥ ತೃಪ್ತಿಯನ್ನು ಸರಸಮ್ಮ ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಆ ಫೋಟೊ ಆದ ಮೇಲೆ ಅವರ ಚಿತ್ರಗಳ ಪ್ರದರ್ಶನ ನಿಶ್ಚಯವಾಯಿತು. ಮೈಸೂರು ಕಡೆಯ ದೀಕ್ಷಿತ್ ಎಂಬ ಎಂಜಿನಿಯರರು, ಚಿತ್ರಗಳ ಹುಚ್ಚಿನವರು, ಒಂದು ಹಾಲ್ ಹಿಡಿದು ಕೊಟ್ಟರು. ಶುಕ್ರವಾರದಿಂದ ಭಾನುವಾರದ ತನಕ. ಐತಪ್ಪನವರು ಕರೆಯೋಲೆಯೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದರು. ಕಾಫಿ ಆರುತ್ತಿದ್ದರೂ ಮುಟ್ಟಲಿಲ್ಲ.

"ಸರಸಕ್ಕಾ, ವೇಲಚೇರಿಗೆ ಒಮ್ಮೆ ಹೋಗಿ ಬರ್ತೀರಾ? ನನ್ನ ಫೋನು ಅವಳು ಎತ್ತುದಿಲ್ಲ. ಬಾಗಿಲಿಗೆ ಬಂದವರನ್ನು, ಅದೂ ದೊಡ್ಡವರನ್ನು, ಅವಳು ಹಿಂದೆ ಕಳಿಸುವವಳಲ್ಲ. ಬೇರೆ ಯಾರು ಬಂದರೂ ಬಿಟ್ಟರೂ ಒಂದೇ ನನಗೆ. ಅವಳು ಬಂದು ಒಮ್ಮೆ ನೋಡಿದರೆ ಸಾಕು."

ಸರಸಮ್ಮ ಹೋದರು. ಬೀಚ್ ಸ್ಟೇಷನ್ನಿನಿಂದ ಮೇಲುಸೇತುವೆಯ ರೈಲು. ಇಳಿದು, ಕೇಳಿ ಕೇಳಿ, ಎತ್ತರದ ಕಟ್ಟಡದ ಲಿಫ್ಟಿನೊಳಗೆ ಜೀವ ಕೈಯಲ್ಲಿ ಹಿಡಿದು ಮೇಲೆ ಹೋದರು. ಬಾಗಿಲು ತೆಗೆದವಳಿಗೆ ಅಪ್ಪನದೇ ಮೂಗು.

"ಉಳ್ಳೆ ವಾಂಗ ಪಾಟಿ," ಎಂದು ಅಜ್ಜಿಯನ್ನು ಕರೆಯುವ ಹಾಗೆ ಒಳಗೆ ಕರೆದಳು. ಕೂರಿಸಿದಳು, ಫ್ಯಾನು ಹಾಕಿದಳು, ನೀರು ತಂದುಕೊಟ್ಟಳು. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ. ಕರೆಯೋಲೆ ನೋಡಿದ ಮೇಲೆ ಮಾತ್ರ ಮನೆಯ ಕನ್ನಡ ಬಾಯಿಗೆ ಬಂತು.

"ಆ ಫೋಟೊ ಉಂಟಾ ಅದ್ರಲ್ಲಿ?"

"ಯಾವುದು ಮಗಾ?"

"ನಮ್ಮ ಮನೆದು. ವೆಳ್ಳ ಬಂದಾಗದ್ದು."

ಚೆನ್ನೈಯೇ ಮುಳುಗಿದ ಆ ಡಿಸೆಂಬರಿನ ನೆರೆ. ಇದೇ ವೇಲಚೇರಿಯ ಇನ್ನೊಂದು ಬೀದಿಯಲ್ಲಿ ಅವರದು ನೆಲಮಹಡಿಯ ಮನೆ. ನೀರು ಕಿಟಕಿಯವರೆಗೆ ಏರಿತ್ತು. ಮೂವರೂ ಮೇಲಿನವರ ಮನೆಯಲ್ಲಿದ್ದರು. ನೀರಿಳಿದ ದಿನ ಕೆಳಗೆ ಬಂದು ನೋಡಿದರೆ ಫ್ರಿಜ್ಜು ಮಗುಚಿಬಿದ್ದಿತ್ತು, ಹಾಸಿಗೆ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತ್ತು, ಎಲ್ಲದರ ಮೇಲೂ ಕಪ್ಪು ಕೆಸರು. ಅಕ್ಕು ಸೀರೆ ಎತ್ತಿ ಸಿಕ್ಕಿಸಿ ಬಕೆಟು ತಗೊಂಡರಂತೆ.

"ಅಪ್ಪ ಬಿಡಲಿಲ್ಲ ಪಾಟಿ. ಮುಟ್ಟಬೇಡ ಅಂದ್ರು. ಸ್ವಲ್ಪ ನಿಲ್ಲು ಅಕ್ಕೂ, ಬೆಳಕು ಬರಲಿ ಅಂದ್ರು. ಅವತ್ತು ಬಿಸಿಲೇ ಬರ್ಲಿಲ್ಲ. ಮರುದಿನವೂ ಕಾದ್ರು. ಕ್ಯಾಮೆರಾದ ಬ್ಯಾಗು ಇಡ್ಲಿಕ್ಕೆ ಒಣ ಜಾಗ ಇಲ್ಲ ಅಂತ ಅಮ್ಮ ಅದನ್ನು ತಲೆ ಮೇಲೆ ಹೊತ್ಕೊಂಡು ಆ ಕೆಸರಲ್ಲೇ ನಿಂತಿದ್ಲು. ನಾನು ಬೈದೆ. 'ಪಾಪ, ಅವರ ಕೆಲಸ ಅದು' ಅಂದ್ಲು. ಮೂರ್ನಾಲ್ಕು ದಿನಕ್ಕೆ ಜ್ವರ ಬಂತು. ಇಲಿಜ್ವರ. ಹೋದ್ಲು."

ಸ್ವಲ್ಪ ನಿಲ್ಲಿ, ಬೆಳಕು ಬರಲಿ. ಅದೇ ಮಾತು, ಅದೇ ದನಿ ಸರಸಮ್ಮನ ಕಿವಿಯಲ್ಲಿ ಇನ್ನೂ ಇತ್ತು. ತಾನೂ ಹಿಡಿಸೂಡಿ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದೆನಲ್ಲ.

"ಡಾಕ್ಟ್ರು ಹೇಳಿದ್ರು, ಮೊದಲ ದಿನದ ನೀರಿನಿಂದಲೇ ಬಂದಿರಬಹುದು ಅಂತ. ಇರಬಹುದು. ಯಾರಿಗೆ ಗೊತ್ತು? ಆದ್ರೆ ಆ ಫೋಟೊ ಗೋಡೆ ಮೇಲಿದ್ರೆ ನಾನು ಬರುದಿಲ್ಲ. ವೇಂಡಾಂ ಪಾಟಿ."

"ಅದು ಇಲ್ಲದಿದ್ರೆ?"

ಹುಡುಗಿ ಕರೆಯೋಲೆಯನ್ನು ಮತ್ತೊಮ್ಮೆ ಓದಿದಳು. "ಇಲ್ಲದಿದ್ರೆ ಬರ್ತೇನೆ," ಎಂದಳು.

ಸರಸಮ್ಮ ವಾಪಸು ಬಂದು ಒಂದಕ್ಷರ ಕೂಡಿಸದೆ, ಕಳೆಯದೆ ಎಲ್ಲವನ್ನೂ ಹೇಳಿದರು. ಐತಪ್ಪನವರು ತಲೆ ತಗ್ಗಿಸಿ ಕೇಳಿದರು. ಆಮೇಲೆ ಚೀಲದಿಂದ ಆ ಚಿತ್ರ ತೆಗೆದು ಮುಂದಿಟ್ಟರು. ಕೆಸರು ತುಂಬಿದ ಕೋಣೆ, ಗೋಡೆಯಲ್ಲಿ ನೀರು ಎಳೆದುಹೋದ ಗೆರೆ, ಕಿಟಕಿಯಿಂದ ಬಿದ್ದ ಎಳೆಬಿಸಿಲು. ಆ ಬಿಸಿಲಿನಲ್ಲಿ ಒಂದು ನೆರಳು. ತಲೆಯ ಮೇಲೆ ಹೊರೆ ಹೊತ್ತ ಹೆಂಗಸಿನದು.

"ಈ ಪಾಳು ಜಾಗಗಳ ಇಷ್ಟು ಫೋಟೊಗಳಲ್ಲಿ ಮನುಷ್ಯರು ಇರುವುದು ಇದೊಂದರಲ್ಲಿ. ಅಕ್ಕುವಿನ ಕೊನೆಯ ಫೋಟೊ ಇದು. ಮಗಳಿಗೆ ಇದು ಅಮ್ಮನನ್ನು ಕೊಂದದ್ದು. ನನಗೆ..."

"ತೆಗೀರಿ ಅದನ್ನು," ಎಂದರು ಸರಸಮ್ಮ. "ಹೋದವಳು ಗೋಡೆ ಮೇಲಿದ್ದು ಎಂತ ಮಾಡ್ಲಿಕ್ಕುಂಟು? ಇದ್ದವಳು ಬರಲಿ."

"ಎಲ್ಲರ ಮುಂದೆ ಅವಳನ್ನು ಕೆಳಗೆ ಇಳಿಸಲಾ? ಬದುಕಿದ್ದಾಗ ನಿಲ್ಲಿಸಿಯೇ ಇಟ್ಟೆ. ಈಗ ಹೊರಗೆ ಹಾಕಲಾ?"



ಶುಕ್ರವಾರ ಚಿತ್ರ ನಡುಗೋಡೆಯ ಮೇಲಿತ್ತು. ಸರಸಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋಗಿದ್ದರು. ತಣ್ಣಗಿನ ಹಾಲ್, ಪಿಸುಗುಟ್ಟುವ ಜನ. ಅವರ ಅಡುಗೆಮನೆಯೂ ಅಲ್ಲಿ ತೂಗಾಡುತ್ತಿತ್ತು, ಧೂಳಿನ ಸಮೇತ. ಒಬ್ಬಳು ಹುಡುಗಿ ಅದರ ಮುಂದೆ ನಿಂತು, "ಎಷ್ಟು ಶಾಂತಿ ಇದೆ ಅಲ್ವಾ?" ಎಂದಳು. ಸರಸಮ್ಮನಿಗೆ ನಾಲ್ಕು ಜನರೆದುರು ಎಂಜಲು ಪಾತ್ರೆ ತೋರಿಸಿದ ಹಾಗಾಯಿತು. ವಿಷ್ಣುಮೂರ್ತಿಯವರು ನೋಡಿದ್ದರೆ ಏನನ್ನುತ್ತಿದ್ದರು ಎಂದು ನೆನೆದು ಮುಖ ತಿರುಗಿಸಿದರು. ವೀಕ್ಷಾಳ ಮನೆ ಕೆಸರಲ್ಲಿ ಮುಳುಗಿದ್ದನ್ನು ಜನ ಹೀಗೆ ನೋಡುತ್ತಾರಲ್ಲ ಎಂಬುದು ಅವರಿಗೆ ಅಲ್ಲಿ ಅರ್ಥವಾಯಿತು.

ಶನಿವಾರ ಸಂಜೆ ಬಾಗಿಲಿನ ಗಾಜಿನಾಚೆ ವೀಕ್ಷಾ ನಿಂತದ್ದನ್ನು ಸರಸಮ್ಮ ಕಂಡರು. ಆಫೀಸಿನ ಚೀಲ ಹೆಗಲಲ್ಲೇ ಇತ್ತು. ಐತಪ್ಪನವರು ಆ ಕಡೆ ಬೆನ್ನು ಹಾಕಿ ಯಾರಿಗೋ ಏನೋ ವಿವರಿಸುತ್ತಿದ್ದರು. ಹುಡುಗಿಯ ಕಣ್ಣು ನೇರ ನಡುಗೋಡೆಗೆ ಹೋಯಿತು. ಅಲ್ಲೇ ನಿಂತಿತು. ಸರಸಮ್ಮ ಏಳುವಷ್ಟರಲ್ಲಿ, ಮಂಡಿ ಹಿಡಿದುಕೊಂಡು ಬಾಗಿಲಿಗೆ ಹೋಗುವಷ್ಟರಲ್ಲಿ, ಹೊರಗೆ ಬರಿಯ ಆಟೋಗಳಿದ್ದವು.

"ಬಂದಿದ್ಲು," ಎಂದರು ಐತಪ್ಪನವರ ಹತ್ತಿರ ಬಂದು. "ನೋಡಿದ್ಲು. ಹೋದ್ಲು."

ಅವರು ಸ್ಟೂಲು ಎಳೆದು, ಹತ್ತಿ, ಚಿತ್ರವನ್ನು ಇಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಭಾನುವಾರವಿಡೀ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತರು. ಯಾರು ಬಂದರೂ ಏಳುವರು, ನೋಡುವರು, ಕೂರುವರು. ಹಾಲಿನವರು ದೀಪ ಆರಿಸತೊಡಗಿದ ಮೇಲೂ ಕೂತೇ ಇದ್ದರು. "ಸಾರ್, ಕ್ಲೋಸ್ ಪಣ್ಣಣುಂ," ಎಂದು ವಾಚ್‌ಮನ್ ಬಂದು ಹೇಳಬೇಕಾಯಿತು. ನಡುಗೋಡೆಯಲ್ಲಿ ಮೊಳೆ ಒಂದೇ ಉಳಿದಿತ್ತು.

ಆಮೇಲೆ ಅವರು ಕ್ಯಾಮೆರಾ ಹೊರಗೆ ತೆಗೆಯಲಿಲ್ಲ. ಕೆಮ್ಮು ಹೆಚ್ಚಾಯಿತು. ಮುಚ್ಚಿದ ಕಟ್ಟಡಗಳ ಬೂಸ್ಟು ವರ್ಷಗಟ್ಟಲೆ ಎದೆಗೆ ಇಳಿದಿದೆ, ಇನ್ನು ಹೆಚ್ಚು ಮಾಡುವಂಥದ್ದೇನೂ ಇಲ್ಲ ಎಂದರು ಡಾಕ್ಟರು. ಸರಸಮ್ಮ ದಿನವೂ ಗಂಜಿ ಹಿಡಿದು ಮೆಟ್ಟಿಲು ಹತ್ತುವರು. ಮಂಚದ ಸುತ್ತ ಧೂಳು ಹಾಗೇ ಇರುತ್ತಿತ್ತು. ಹಿಡಿಸೂಡಿಯ ಕಡೆ ಅವರು ನೋಡುತ್ತಲೂ ಇರಲಿಲ್ಲ.

ಒಂದು ದಿನ ಸರಸಮ್ಮ ತಡೆಯಲಾರದೆ ಮಂಚದ ಪಕ್ಕದಿಂದಲೇ ವೀಕ್ಷಾಗೆ ಫೋನ್ ಮಾಡಿದರು. "ಅಪ್ಪನಿಗೆ ಬಹಳ ಹುಷಾರಿಲ್ಲ ಮಗಾ. ಫೋಟೊ ಇಳಿಸಿ ಆಯ್ತು. ಆವತ್ತೇ ಇಳಿಸಿದ್ರು." "ಪಾಕ್ಕಲಾಂ ಪಾಟಿ," ಎಂದಳು ವೀಕ್ಷಾ.

"ನೋಡುವ ಅಂದ್ಲಾ?" ಐತಪ್ಪನವರು ಮೊಣಕೈ ಊರಿ ಏಳಲು ನೋಡಿದರು. "ಆಗುದಿಲ್ಲ ಅನ್ಲಿಲ್ಲ ಅಲ್ವಾ? ಹಾಗಾದ್ರೆ ಬರ್ತಾಳೆ."

ವೀಕ್ಷಾ ಬಾರದೆ ಇರಲಿಲ್ಲ. ಮರುದಿನ ಹೊತ್ತೇರಿದ ಮೇಲೆ ಬಂದಳು. ಕೈಯಲ್ಲಿ ಕಾಯಿಲೆಯವರನ್ನು ನೋಡಲು ಹೋಗುವವರು ಒಯ್ಯುವ ಬ್ರೆಡ್ಡು, ಎರಡು ಮೂಸಂಬಿ. ಅಷ್ಟರಲ್ಲಿ ಅವರನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದಾಗಿತ್ತು, ದಾರಿಯಲ್ಲೇ ಉಸಿರು ನಿಂತಿತ್ತು. ಅದನ್ನು ಅವಳಿಗೆ ಹೇಳಬೇಕಾದವರು ಸರಸಮ್ಮ. ಅವಳು ಬಾಗಿಲಲ್ಲೇ ನಿಂತು ಒಳಗೆ ನೋಡುತ್ತಿದ್ದಳು. ಗುಡಿಸಿ ಒರೆಸಿದ ನೆಲ, ಕಿಟಕಿಯಿಂದ ಬಿಸಿಲು, ಮಡಚಿಟ್ಟ ಹೊದಿಕೆ, ಖಾಲಿ ಮಂಚ. ಸಾವಾದ ಮನೆಯ ಹೊಸಿಲಲ್ಲಿ ರಂಗೋಲಿ ಇರಬಾರದು. ಸರಸಮ್ಮನಿಗೆ ಅದನ್ನು ಅಳಿಸಲು ಕೈ ಬಂದಿರಲಿಲ್ಲ. ಹುಡುಗಿ ಅದನ್ನು ತುಳಿಯದೆ, ದಾಟದೆ, ಬ್ರೆಡ್ಡು ಹಿಡಿದುಕೊಂಡು ಆಚೆಯೇ ನಿಂತಿದ್ದಳು.

ಆದರೆ ಅದು ಮರುದಿನದ ಮಾತು. ಹಿಂದಿನ ಮಧ್ಯಾಹ್ನ, ಗಂಜಿಯ ಬಟ್ಟಲು ಪಕ್ಕಕ್ಕಿಟ್ಟು ಐತಪ್ಪನವರು ಕೋಣೆಯ ನಾಲ್ಕೂ ಮೂಲೆಯನ್ನು, ಅಂಗಡಿಗೆ ಹೊಸದಾಗಿ ಬಂದ ಗಿರಾಕಿ ನೋಡುವ ಹಾಗೆ, ಒಂದೊಂದಾಗಿ ನೋಡಿದರು. ಆಮೇಲೆ ಸರಸಮ್ಮನ ಮುಖ ನೋಡಿದರು. ಅವರು ಸರಸಮ್ಮನಲ್ಲಿ ಕೇಳಿದ್ದು ಅದೇ ಕೊನೆ.

"ಸರಸಕ್ಕಾ, ಆ ಹುಡುಗಿ ಇದನ್ನೆಲ್ಲ ಹೀಗೆ ನೋಡುದು ಬೇಡ. ಒಮ್ಮೆ ಗುಡಿಸಿ, ನೀರು ಹಾಕಿ ಒರೆಸಿ ಕೊಡ್ತೀರಾ? ಹೊಸಿಲಿಗೆ ಆವತ್ತು ಹಾಕಿದ್ರಲ್ಲ, ನನಗೆ ಅಂತ, ಅದೇ ರಂಗೋಲಿ ಹಾಕ್ತೀರಾ?"